ಹೆಪ್ಪು ಹೋದ ದಾರಿ

ಹೊಸಗಟ್ಟಿಯ ಕಡತ ಆರು ತುಣುಕಿನದು. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಕೇಳಿದಾಗ ಐದು ಬಂದವು. ನಾಲ್ಕನೆಯದರ ಜಾಗದಲ್ಲಿ ಪರದೆ ಒಂದು ಖಾಲಿ ಗೆರೆ ತೋರಿಸಿತು. ನಾನು ಮತ್ತೊಮ್ಮೆ ಕೇಳಿದೆ. ಮತ್ತೆ ಐದೇ ಬಂದವು.

“ಯಾವುದು ಹೋತು?” ಹಳಿಯಾಳ ಸರ್ ಕುರ್ಚಿಯಿಂದಲೇ ಕೇಳಿದರು. ಅವರು ನಮ್ಮ ಜಿಲ್ಲಾ ಸಂಗ್ರಹ ಕೇಂದ್ರದ ಮುಖ್ಯಸ್ಥರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಯಾವುದಕ್ಕೆ ಎದ್ದು ಬರಬೇಕು, ಯಾವುದಕ್ಕೆ ಬೇಡ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಹೊಸಗಟ್ಟಿ ಚಲವಾದಿ ಓಣಿ ಹಕ್ಕುಪತ್ರ ಸರ್. ಮೂವತ್ತೆಂಟು ಮನಿ. ನಾಲ್ಕನೇ ತುಣುಕು.”

“ಅದರಾಗ ಏನೈತಿ?”

“ಹೆಸರು, ಚಕ್ಕುಬಂದಿ. ಉಳಿದ ಐದರಾಗ ಆದೇಶ, ಮುದ್ರಿ, ಸಹಿ.”

“ಅಂದ್ರ ಸರಕಾರ ಜಾಗ ಕೊಟ್ಟಿದ್ದು ಖರೆ. ಯಾರಿಗೆ, ಎಲ್ಲೆ ಕೊಟ್ಟೈತಿ ಗೊತ್ತಿಲ್ಲ.” ಈಗ ಅವರು ಎದ್ದು ಬಂದರು. “ವಿಚಾರಣಿ ಯಾವಾಗ?”

“ಗುರುವಾರ ಹನ್ನೊಂದಕ್ಕ.”

ವಿಚಾರಣೆ ಬೈಪಾಸ್ ರಸ್ತೆಯದು. ನಕ್ಷೆಯಲ್ಲಿ ರಸ್ತೆ ಚಲವಾದಿ ಓಣಿಯ ಮೇಲೆಯೇ ಹಾದುಹೋಗಿತ್ತು. ಆ ಜಾಗ ಓಣಿಯವರದೇ ಎಂದು ಗುರುವಾರ ತೋರಿಸಿದರೆ ರಸ್ತೆ ನೂರು ಮೀಟರ್ ಆಚೆ ಸರಿಯುತ್ತದೆ. ತೋರಿಸದಿದ್ದರೆ ಅದು ಅತಿಕ್ರಮಣ, ಶುಕ್ರವಾರ ಯಂತ್ರ ಬರುತ್ತದೆ. ಕಾಗದದ ಪ್ರತಿಗಳು ಯಾವಾಗಲೋ ಹೋಗಿದ್ದವು. ಮೂವತ್ತೆಂಟು ಮನೆಗಳ ಗತಿ ಆ ಒಂದು ತುಣುಕಿನಲ್ಲಿತ್ತು. ಅದನ್ನು ಹುಡುಕಿ ಓದುವ ವ್ಯವಸ್ಥೆಯನ್ನು ಜೋಡಿಸಿದವಳು ನಾನು.

ಇಪ್ಪತ್ತೆರಡು ವರ್ಷಗಳ ಹಿಂದೆ, ನಾನಿನ್ನೂ ಅಂಗನವಾಡಿಯಲ್ಲಿದ್ದಾಗ, ಸರ್ಕಾರ ದತ್ತಾಂಶದ ದೊಡ್ಡ ಕಟ್ಟಡಗಳನ್ನು ಮುಚ್ಚಿತು. ಒಂದೊಂದು ಕಟ್ಟಡವನ್ನು ತಂಪಾಗಿಡಲು ಒಂದೊಂದು ಊರಿನ ನೀರು ಬೇಕಾಗುತ್ತಿತ್ತು. ಊರಿನವರು ನೀರು ಬಿಡಲಿಲ್ಲ. ದಿನನಿತ್ಯ ಬೇಕಾಗುವ ದಾಖಲೆಗಳನ್ನು ಹೇಗೋ ಉಳಿಸಿಕೊಂಡರು. ಹತ್ತು ವರ್ಷಕ್ಕೊಮ್ಮೆ ಬೇಕಾಗುವ ಹಳೆಯ ಕಡತಗಳನ್ನು ಎಲ್ಲಿಡುವುದು? ಆಗ ಯಾರಿಗೋ ಮೊಸರು ಹೊಳೆಯಿತು. ಮೊಸರಿನ ಬ್ಯಾಕ್ಟೀರಿಯಾದ ವಂಶವಾಹಿಯಲ್ಲಿ ಯಾವ ಕೆಲಸಕ್ಕೂ ಬಾರದ ಜಾಗವಿದೆ. ಅಲ್ಲಿ ಅಕ್ಷರಗಳನ್ನು ಸಂಕೇತವಾಗಿಸಿ ಹೊಲಿಯಬಹುದು. ಅದಕ್ಕೆ ಕರೆಂಟು ಬೇಡ, ತಂಪು ಬೇಡ. ದಿನಾ ಸಂಜೆ ಮನೆಯವರು ಹಾಲಿಗೆ ಹೆಪ್ಪು ಹಾಕಿದರೆ ಸಾಕು, ಬೆಳಗಾಗುವುದರೊಳಗೆ ಕಡತ ತಾನೇ ಹೊಸ ಪ್ರತಿ ಮಾಡಿಕೊಂಡಿರುತ್ತದೆ. ರುಚಿಯಲ್ಲಿ ವ್ಯತ್ಯಾಸವಿಲ್ಲ. ತಿಂದವರಿಗೂ ಏನೂ ಆಗುವುದಿಲ್ಲ.

ಒಂದು ಕಡತವನ್ನು ತುಣುಕು ಮಾಡಿ, ಪ್ರತಿ ತುಣುಕನ್ನೂ ಮೂರು ಮನೆಗಳ ಗಡಿಗೆಯಲ್ಲಿಡುತ್ತಿದ್ದರು. ಗಡಿಗೆಗೊಂದು ನಂಬರು, ಮನೆಗೊಂದು ಓದುಕಡ್ಡಿ. ಬೆಳಿಗ್ಗೆ ಹಲ್ಲುಜ್ಜುವಷ್ಟು ಹೊತ್ತು ಕಡ್ಡಿಯನ್ನು ಮೊಸರಿನಲ್ಲಿ ಅದ್ದಿಟ್ಟರೆ, ಇಂಥ ಗಡಿಗೆಯಲ್ಲಿ ಇಂಥ ತುಣುಕು ಇದೆ ಎಂಬ ಹಣೆಪಟ್ಟಿ ಕೇಂದ್ರಕ್ಕೆ ತಲುಪುತ್ತದೆ. ತುಣುಕಿನ ಒಳಗಿರುವುದನ್ನು ಓದಲು ಮಾತ್ರ ಮನೆಯವರ ಹೆಬ್ಬೆಟ್ಟು ಬೇಕು.

ನನ್ನ ಕೆಲಸ ಡೇಟಾಬೇಸನ್ನು ಈ ಗಡಿಗೆಗಳಿಗೆ ಜೋಡಿಸುವುದಾಗಿತ್ತು. ನಮ್ಮ ಡೇಟಾಬೇಸಿನೊಳಗೆ ಕಡತಗಳಿಲ್ಲ. ಕೋಷ್ಟಕಗಳಷ್ಟೇ ಇವೆ: ಯಾವ ಕಡತ, ಎಷ್ಟು ತುಣುಕು, ಯಾವ ಗಡಿಗೆ, ಬಂದ ತುಣುಕನ್ನು ಯಾವ ಕ್ರಮದಲ್ಲಿ ಓದಬೇಕು. ಯಾರಾದರೂ ಪ್ರಶ್ನೆ ಕೇಳಿದಾಗ ಅದು ವಿಳಾಸ ನೋಡಿ ಗಡಿಗೆಗಳ ಬಾಗಿಲು ತಟ್ಟುತ್ತದೆ, ಬಂದದ್ದನ್ನು ಜೋಡಿಸಿ ತೋರಿಸುತ್ತದೆ. ಒಂದು ಗಡಿಗೆ ಒಡೆದರೆ ನೆರೆಮನೆಯ ಗಡಿಗೆಯನ್ನು ಕೇಳುತ್ತದೆ. ಹೆಪ್ಪು ಮನೆಯಿಂದ ಮನೆಗೆ ಹೋಗುವ ವಸ್ತುವಾದ್ದರಿಂದ ಅಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ ಎಂಬುದು ಲೆಕ್ಕಾಚಾರ. ಅದಕ್ಕೇ ಒಂದು ಗಡಿಗೆಯಿಂದ ಹಣೆಪಟ್ಟಿ ಬರುವುದು ನಿಂತರೂ, ಕಡತ ಬೇಕಾಗುವವರೆಗೆ ಯಾರೂ ಹುಡುಕುತ್ತಿರಲಿಲ್ಲ. ನೆರೆಮನೆ ಎಂದರೆ ನಕ್ಷೆಯಲ್ಲಿ ಆ ಓಣಿಯ ಹೊರಗೆ ಅತಿ ಹತ್ತಿರವಿರುವ ನಾಲ್ಕು ಮನೆಗಳು.

ವ್ಯವಸ್ಥೆ ಮಾಡಿದವರು ದಡ್ಡರಲ್ಲ. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಯಾರೂ ಹೆಪ್ಪು ಕೊಡುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ದಿನದ ಲೆಕ್ಕವನ್ನು ಸಂಜೆ ಆರಕ್ಕೇ ಮುಗಿಸುತ್ತಿದ್ದರು.

ನಾಲ್ಕನೆಯ ತುಣುಕು ಇದ್ದ ಮೂರು ಗಡಿಗೆಗಳೂ ಚಲವಾದಿ ಓಣಿಯಲ್ಲಿದ್ದವು. ಮೂರೂ ಈಗ ಬೇರೆ ಹೆಪ್ಪಿನವು. ರಸ್ತೆಯಾಚೆಯ ನಾಲ್ಕು ನೆರೆಮನೆಗಳನ್ನು ಡೇಟಾಬೇಸ್ ಕೇಳಿತ್ತು. ನಾಲ್ಕೂ ಇಲ್ಲ ಎಂದಿದ್ದವು.

“ಹೋಗಿ ನೋಡ್ಕೊಂಡು ಬರ್ತೀನಿ ಸರ್,” ಎಂದೆ.

“ನೋಡಾಕ ಏನೈತಿ? ಗಡಗಿಯೊಳಗ ಇಣುಕಿದ್ರ ಅಕ್ಷರ ಕಾಣ್ತಾವೇನು?” ಎಂದರು ಸರ್. ಜೀಪಿನ ಚೀಟಿಗೆ ಸಹಿ ಮಾತ್ರ ಹಾಕಿಕೊಟ್ಟರು.

*

ಮೂರು ಗಡಿಗೆಗಳಲ್ಲಿ ಮೊದಲನೆಯದು ದುರ್ಗವ್ವನದು. ಅರವತ್ತು ದಾಟಿದ, ಎತ್ತರದ ಹೆಂಗಸು. ಮನೆಯ ಮುಂದೆ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಕೇಂದ್ರದವಳು ಎಂದ ಕೂಡಲೇ ಕೈ ತೊಳೆದುಕೊಂಡು ಬಂದಳು.

“ಗುರುವಾರದ ಕಾಗದ ತಂದೀಯೇನವಾ?”

“ಇಲ್ಲಬೇ. ಒಂದು ತುಣುಕು ಸಿಗವಲ್ದು. ನಿನ್ನ ಗಡಿಗಿಯೊಳಗ ಇತ್ತದು.”

ದುರ್ಗವ್ವ ಕಟ್ಟೆಯ ಮೇಲೆ ಕುಳಿತಳು. “ಹೋದ ವರ್ಷ ಎಮ್ಮಿಗೋಳಿಗೆ ಜಡ್ಡ ಬಂತು. ನನ್ನವು ನಾಕೂ ಸತ್ತುವು. ನಮ್ಮಣ್ಣನ ಮನ್ಯಾಗೂ ಹಂಗ, ಈ ಕಡೀ ಮನ್ಯಾಗೂ ಹಂಗ. ಎರಡು ತಿಂಗಳ ಓಣ್ಯಾಗ ಯಾರ ಮನ್ಯಾಗೂ ಹಾಲಿಲ್ಲ. ಹಾಲಿಲ್ಲದ ಹೆಪ್ಪು ಎಲ್ಲಿಂದ ಉಳೀತೈತಿ? ಆಮ್ಯಾಲೆ ಈ ಎಮ್ಮಿ ತಂದಾಗ ನನ್ನ ತಂಗಿ ಊರಿಂದ ಹೆಪ್ಪು ತಂದು ಹಾಕೇನಿ.”

“ತಂಗಿ ಊರಿಂದ ಯಾಕ? ರಸ್ತಾ ದಾಟಿದ್ರ ಮನಿ ಅದಾವಲ್ಲ. ಮೊದ್ಲ ನಿನ್ನ ಹೆಪ್ಪು ಒಯ್ದವರ ಕಡೆನ ವಾಪಸ್ ಇಸ್ಕೋಬಹುದಿತ್ತು.”

ಅವಳು ನಕ್ಕಳು. ಪಕ್ಕದ ಮನೆಯ ಹೆಂಗಸನ್ನು ಕೂಗಿ ಕರೆದು, “ಕೇಳ ಇಲ್ಲೆ, ಈ ಮೇಡಮ್ ಅವರು ಏನ್ ಕೇಳಾಕತ್ತಾರ! ರಸ್ತಾದ ಆಚಿಯವ್ರು ನಮ್ಮ ಹೆಪ್ಪು ಒಯ್ದಿದ್ರ ಅಂತಾರ!” ಎಂದಳು. ಇಬ್ಬರೂ ನಕ್ಕರು.

“ನಿನ್ನ ಹೆಸರೇನವಾ?”

“ನೀಲಾ.”

“ಅಡ್ಡ ಹೆಸರು?”

“ಚಲವಾದಿ.”

ನಗು ನಿಂತಿತು. “ನಮ್ಮ ಹುಡುಗಿ ಆಗಿ ಇದನ್ನ ಕೇಳ್ತೀಯಲ್ಲ! ಹಾಲಾದ್ರ ಡೇರಿ ಕ್ಯಾನಿನೊಳಗ ಎಲ್ಲಾರದೂ ಕೂಡಿ ಹೋಗ್ತೈತಿ, ಯಾರೂ ಕೇಳಂಗಿಲ್ಲ. ಹೆಪ್ಪು ಹಂಗಲ್ಲ. ಹೆಪ್ಪು ಯಾರ ಮನೀದು ಅಂತ ಕೇಳೇ ಒಯ್ತಾರ. ನಿಮ್ಮವ್ವ ಹೇಳಿಲ್ಲೇನು?”

ನಾನು ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಮೊಸರು ಭಾನುವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಬರುತ್ತಿತ್ತು. ಯಾರು ಹೆಪ್ಪು ಹಾಕಿದರು ಎಂದು ಬಕೆಟ್ಟನ್ನು ಕೇಳುವವರಿರಲಿಲ್ಲ. ಗ್ರಂಥಾಲಯದಲ್ಲಿದ್ದ ಪುಸ್ತಕಗಳಲ್ಲಿ ಬಾವಿಯ ಬಗ್ಗೆ, ದೇವಸ್ಥಾನದ ಬಗ್ಗೆ ಓದಿದ್ದೆ. ಹೆಪ್ಪಿನ ಬಗ್ಗೆ ಯಾರೂ ಬರೆದಿರಲಿಲ್ಲ. ನೆರೆಮನೆ ಎಂದರೆ ಹತ್ತಿರದ ಮನೆ ಎಂದು ಕೇಂದ್ರದ ನಿಯಮದಲ್ಲಿತ್ತು. ನಾನು ಅದನ್ನು ಹಾಗೆಯೇ ಕೋಷ್ಟಕಕ್ಕೆ ಇಳಿಸಿದ್ದೆ. ಕಾನೂನಿನ ಪ್ರಕಾರ ಇಂಥ ಭೇದ ಈಗ ಇಲ್ಲ. ಗಡಿಗೆಯ ಪ್ರಕಾರ ಇತ್ತು. ಓಣಿಯಲ್ಲಿಟ್ಟ ತುಣುಕು ಓಣಿ ದಾಟುವುದಿಲ್ಲ ಎಂದ ಮೇಲೆ ಮೂರು ಪ್ರತಿ ಎಂಬುದು ಬರೀ ಮಾತು. ಒಂದು ಜಡ್ಡು ಬಂದರೆ ಮೂರೂ ಒಟ್ಟಿಗೆ ಹೋಗುತ್ತವೆ. ಹಾಗೆಯೇ ಆಗಿತ್ತು.

“ಖರೇನ ಯಾರೂ ಒಯ್ದಿಲ್ಲ? ಒಬ್ಬರೂ?” ಎಂದು ಕೇಳಿದೆ.

ದುರ್ಗವ್ವ ಎಮ್ಮೆಯ ಕಡೆ ತಿರುಗಿದಳು. “ಯಾರ್ ಒಯ್ತಾರ,” ಎಂದಳು. ಈ ಸಲ ನಗಲಿಲ್ಲ.

*

ಮಂಗಳವಾರ ಬೆಳಿಗ್ಗೆ ಕೇಂದ್ರದಲ್ಲಿ ಕುಳಿತು ನನ್ನದೇ ಕೆಲಸವನ್ನು ಮೊದಲಿನಿಂದ ಓದಿದೆ. ಡೇಟಾಬೇಸ್ ವಿಳಾಸವಿದ್ದ ಕಡೆಗೆ ಮಾತ್ರ ಹೋಗುತ್ತದೆ. ವಿಳಾಸ ಬರೆದವರ ತಲೆಯಲ್ಲಿದ್ದ ಊರನ್ನು ಮಾತ್ರ ಅದು ಕಾಣುತ್ತದೆ. ಹಾಗಾದರೆ ವಿಳಾಸವನ್ನೇ ಬಿಟ್ಟು ಕೇಳಿದರೆ?

ಹೊಸಗಟ್ಟಿಯಲ್ಲಿ ಎರಡು ಸಾವಿರದ ನೂರಾ ನಲವತ್ತು ಗಡಿಗೆಗಳಿದ್ದವು. ಅಷ್ಟಕ್ಕೂ ಒಂದೇ ಪ್ರಶ್ನೆ: ನಿನ್ನಲ್ಲಿ ನಾಲ್ಕನೆಯ ತುಣುಕು ಇದೆಯೇ?

ಹಾಗೆ ಕೇಳಲು ಹೊರಟಾಗ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ನೆರೆಮನೆಗಳನ್ನು ಬಿಟ್ಟು ಬೇರೆ ಯಾವುದಾದರೂ ಗಡಿಗೆಯಲ್ಲಿ ಅದಕ್ಕೆ ಕೊಟ್ಟಿರದ ತುಣುಕಿನ ಹಣೆಪಟ್ಟಿ ಕಂಡರೆ, ಅದನ್ನು ಕಲಬೆರಕೆ ಎಂದು ಗುರುತಿಸಿ ಬದಿಗಿಡು ಎಂಬ ಸಾಲು. ಅದು ಕೇಂದ್ರದ ನಿಯಮವಲ್ಲ. ಬರುವ ಮಾಹಿತಿ ಚೊಕ್ಕಟವಾಗಿರಲಿ ಎಂದು ನಾನೇ ಬರೆದದ್ದು.

“ಸರ್, ಇಡೀ ಊರು ಕೇಳ್ತೀನಿ. ಫಿಲ್ಟರ್ ತೆಗೀತೀನಿ.”

“ಇಡೀ ಊರಂದ್ರ? ಕಡ್ಡಿ ಬ್ಯಾಟ್ರಿ ಎಲ್ಲಾ ಕುಂತು ಹೋಗ್ತಾವು. ನಾಳೆ ಎರಡು ಸಾವಿರ ಹೆಂಗಸರು ಫೋನ್ ಹಚ್ಚಿ ಬೈತಾರ.”

“ಬೈಲಿ.”

ಹಳಿಯಾಳ ಸರ್ “ಫೋನ್ ನೀನ ಎತ್ತಬೇಕು ಮತ್ತ,” ಎಂದು ಅನುಮತಿಯ ಗುಂಡಿ ಒತ್ತಿದರು.

ಹತ್ತೂವರೆಗೆ ಶುರುವಾಯಿತು. ಉತ್ತರಗಳು ಒಂದೊಂದಾಗಿ ಬಂದವು: ಇಲ್ಲ, ಇಲ್ಲ, ಇಲ್ಲ. ಮೊದಲ ಇನ್ನೂರು ಗಡಿಗೆಗಳಲ್ಲಿ ಒಂದೂ ಇರಲಿಲ್ಲ. ಸರ್ ಊಟದ ಡಬ್ಬಿ ತೆರೆದರು. ಇನ್ನೂರಾ ಹದಿನಾಲ್ಕನೆಯದು ಇದೆ ಎಂದಿತು. ತಪ್ಪಿರಬಹುದು ಎಂದುಕೊಂಡೆ. ಇನ್ನೂರಾ ಹದಿನೈದು, ಇದೆ. ಇನ್ನೂರಾ ಹದಿನೇಳು, ಇದೆ. ಆಮೇಲೆ ಸಾಲಾಗಿ ಬಂದವು. ಸರ್ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಪರದೆಯ ಮುಂದೆ ಬಂದು ನಿಂತರು. ಎರಡು ಗಂಟೆಗೆ ಎಣಿಕೆ ಮುಗಿದಾಗ ಪರದೆಯಲ್ಲಿ ಆರುನೂರಾ ಹನ್ನೊಂದು ಎಂದಿತ್ತು.

ಆರುನೂರಾ ಹನ್ನೊಂದು ಮನೆಗಳಲ್ಲಿ ಚಲವಾದಿ ಓಣಿಯ ಹಕ್ಕುಪತ್ರವಿತ್ತು. ಊರಿನ ಕಾಲುಭಾಗಕ್ಕಿಂತ ಹೆಚ್ಚು ಜನ ಅದನ್ನು ದಿನಾ ಅನ್ನಕ್ಕೆ ಕಲಸಿ ಉಣ್ಣುತ್ತಿದ್ದರು. ಕಡ್ಡಿಗಳು ಅದನ್ನು ವರ್ಷಗಟ್ಟಲೆ ವರದಿ ಮಾಡಿದ್ದವು. ನನ್ನ ಒಂದು ಸಾಲು ಅದನ್ನು ಕೊಳೆ ಎಂದು ಗುಡಿಸಿ ಹಾಕುತ್ತಿತ್ತು.

“ಎಲ್ಲಿಂದ ಹಬ್ಬಿತಿದು?” ಎಂದರು ಸರ್.

ಅದನ್ನು ತಿಳಿಯುವುದು ಕಷ್ಟವಲ್ಲ. ಬ್ಯಾಕ್ಟೀರಿಯಾ ತನ್ನನ್ನು ನಕಲು ಮಾಡಿಕೊಳ್ಳುವಾಗ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ತುಣುಕಿನೊಳಗಿನ ತಪ್ಪನ್ನು ತಿದ್ದುವ ವ್ಯವಸ್ಥೆ ಇದೆ. ಕೊನೆಯಲ್ಲಿ ಬಿಟ್ಟ ಖಾಲಿ ಅಂಚನ್ನು ಯಾರೂ ತಿದ್ದುವುದಿಲ್ಲ. ತಪ್ಪುಗಳು ಅಲ್ಲಿ ಒಂದರ ಮೇಲೊಂದು ಕೂಡುತ್ತವೆ. ಅಂಚೂ ಹಣೆಪಟ್ಟಿಯ ಜೊತೆಗೇ ಬಂದು ಕೇಂದ್ರದಲ್ಲಿ ದಾಖಲಾಗಿರುತ್ತದೆ. ಎರಡು ಗಡಿಗೆಗಳ ಅಂಚು ಹೋಲಿಸಿದರೆ ಯಾವುದರಿಂದ ಯಾವುದು ಬಂತೆಂದು ಹೇಳಬಹುದು. ಹೋಲಿಸಿದೆ. ಆರುನೂರಾ ಹತ್ತು ಗಡಿಗೆಗಳು ಒಂದೇ ಗಡಿಗೆಯಿಂದ ಹೊರಟಿದ್ದವು: ನಂಬರು ಇನ್ನೂರಾ ಹದಿನಾಲ್ಕು, ಅಂಗಡಿ ಮನೆತನದವರ ಖಾನಾವಳಿ. ಆ ಗಡಿಗೆಯ ಅಂಚು ದುರ್ಗವ್ವನ ಹಳೆಯ ಗಡಿಗೆಯ ಆರು ವರ್ಷದ ಹಿಂದಿನ ಅಂಚಿಗೆ ಸರಿಯಾಗಿ ಹೊಂದುತ್ತಿತ್ತು.

ಅಷ್ಟು ಸಾಲದು. ಪ್ರಯೋಗಾಲಯದಲ್ಲಿ ಯಾರಾದರೂ ಸುಳ್ಳು ತುಣುಕು ತಯಾರಿಸಿ ಯಾರದೋ ಮೊಸರಿಗೆ ಸೇರಿಸಬಹುದು. ಅದಕ್ಕೇ ಕಾನೂನಿನಲ್ಲಿ ಒಂದು ಷರತ್ತಿದೆ. ಮೂಲ ಗಡಿಗೆಯನ್ನು ಬಿಟ್ಟು ಬೇರೆಡೆ ಸಿಕ್ಕ ತುಣುಕನ್ನು ಸಾಕ್ಷಿಯಾಗಿ ಒಪ್ಪಬೇಕಾದರೆ ಹೆಪ್ಪು ಕೊಟ್ಟವರು, ಒಯ್ದವರು ಇಬ್ಬರೂ ಅಧಿಕಾರಿಯ ಮುಂದೆ ಬಂದು ಬಾಯಿಬಿಟ್ಟು ಹೇಳಬೇಕು.

*

“ನನಗ ಗೊತ್ತಿತ್ತು,” ಎಂದಳು ದುರ್ಗವ್ವ. “ಆದ್ರ ಹೇಳಂಗಿಲ್ಲ.”

“ನಿನ್ನ ಮನಿ ಹೋಗ್ತೈತಿ!”

“ಹೋಗ್ಲಿ. ಯಾರಿಗೂ ಹೇಳಂಗಿಲ್ಲ ಅಂತ ಆಕಿ ಮುಂದ ಎಮ್ಮಿ ಮ್ಯಾಲೆ ಆಣಿ ಹಾಕಿ ಮಾತು ಕೊಟ್ಟೀನಿ. ಆಕಿ ತಾನ ಬಂದು ಹೇಳಿದ್ರ ನಾನೂ ಹೇಳ್ತೀನಿ. ಮೊದ್ಲ ನನ್ನ ಬಾಯಿಂದ ಬರಂಗಿಲ್ಲ.”

“ನಿನ್ನ ಒಬ್ಬಾಕಿ ಮನಿ ಅಲ್ಲದು. ಮೂವತ್ತೆಂಟು.”

“ಮೂವತ್ತೆಂಟು ಮನ್ಯಾರೂ ನನ್ನ ಬೈಯಲಿ. ಬೈಸ್ಕೊಳ್ಳೋದು ನನಗೇನು ಹೊಸದಲ್ಲ.”

ನನಗೆ ಸಿಟ್ಟು ಬಂತು. ಅವಳ ಮಾತಿಗೆ ಬೆಲೆ ಕೊಡುವಂಥ ಸಮಯ ಅದಾಗಿರಲಿಲ್ಲ. ಆದರೆ ಒತ್ತಾಯದ ಹೇಳಿಕೆ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ. ಜೀಪು ತಿರುಗಿಸಿ ಖಾನಾವಳಿಗೆ ಹೋದೆ.

ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿಯಾಗಿತ್ತು. ಒಳಗೆ ಇಬ್ಬರು ಹೆಂಗಸರು ಸಂಜೆಯ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಹಣದ ಗಲ್ಲೆಯ ಮೇಲೆ ಶಿವಲೀಲಾ ಅಂಗಡಿ ಕುಳಿತಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಖಾನಾವಳಿ ನಡೆಸುತ್ತಿರುವವರು ಅವರೇ. ಆ ಊರಿಗೆ ಬಂದವರು ಅಲ್ಲಿ ಊಟ ಮಾಡದೆ ಹೋಗುವುದಿಲ್ಲ. ಮುಖ್ಯವಾಗಿ ಮೊಸರಿಗೆ. ಚಾಕು ಹಾಕಿ ಕೊಯ್ಯುವಷ್ಟು ಗಟ್ಟಿ ಎಂದು ಜಿಲ್ಲೆಯಲ್ಲೆಲ್ಲ ಹೇಳುತ್ತಾರೆ. ಊರಿನ ಹೆಂಗಸರು ಹೆಪ್ಪಿಗೆಂದು ಅಲ್ಲಿಂದಲೇ ಒಂದೊಂದು ಬಟ್ಟಲು ಮೊಸರು ಒಯ್ಯುತ್ತಾರೆ.

ನಾನು ಸುತ್ತಿಬಳಸಲಿಲ್ಲ. ಗಡಿಗೆಯ ನಂಬರು, ಅಂಚು, ಆರು ವರ್ಷ, ಆರುನೂರಾ ಹನ್ನೊಂದು ಮನೆ, ದುರ್ಗವ್ವ, ಎಲ್ಲವನ್ನೂ ಹೇಳಿದೆ. ಅವರು ಎದ್ದು ಅಡುಗೆಮನೆಯ ಬಾಗಿಲು ಮುಚ್ಚಿ ಬಂದರು.

“ದುರ್ಗವ್ವ ಹೇಳಿದಳೇನ್ರಿ?”

“ಇಲ್ಲ. ಮೊಸರು ಹೇಳ್ತು. ಆಕಿ ನಿಮ್ಮ ಹೆಸರು ಎತ್ತಲಿಲ್ಲ. ಎತ್ತಂಗೂ ಇಲ್ಲಂತ. ನಿಮಗ ಮಾತು ಕೊಟ್ಟಾಳಂತ.”

ಶಿವಲೀಲಾ ಬೆಂಚಿನ ಮೇಲೆ ಕುಳಿತರು. “ಆ ವರ್ಷ ನಮ್ಮ ಮೊಸರು ಕೆಟ್ಟಿತ್ತು. ಎಳಿ ಎಳಿ ಬರಾಕತ್ತಿತ್ತು, ಅಂಟಿನಂಗ. ಹತ್ತು ಕಡೆಯಿಂದ ಹೆಪ್ಪು ತಂದು ಹಾಕಿದೆ. ಎರಡು ದಿನ ಛಲೋ ಇರೋದು, ಮತ್ತ ಲೋಳಿ. ಮಂದಿ ಗಂಗಾಳದಾಗ ಮೊಸರು ಬಿಟ್ಟು ಏಳಾಕತ್ತಿದ್ರು. ಒಂದಿನ ಮುಂಜಾನಿ ದುರ್ಗವ್ವ ಒಲಿಗೆ ಸಗಣಿ ಕುಳ್ಳು ಹಾಕಾಕ ಬಂದಿದ್ಲು. ಹಿತ್ತಲದಾಗ ಕುಂತು ತನ್ನ ಬುತ್ತಿ ಬಿಚ್ಚಿ ಉಣ್ಣಾಕತ್ತಿದ್ಲು. ಆಕಿ ಮೊಸರು ನೋಡಿದೆ. ಗೋಡಿಗೆ ಒಗದ್ರೂ ಅಂಟಿ ನಿಲ್ಲೂವಂಗ ಇತ್ತು. ಒಂದು ಚಮಚ ಕೊಡ ಅಂದೆ.”

ಆಗ ನಡೆದದ್ದು ನನಗೆ ಅರ್ಥವಾಯಿತು. ಬ್ಯಾಕ್ಟೀರಿಯಾಕ್ಕೂ ವೈರಸ್ ತಗಲುತ್ತದೆ. ಊರಿನ ಹೆಪ್ಪುಗಳೆಲ್ಲ ಒಂದೇ ಬಳಗದವು, ಎಲ್ಲಕ್ಕೂ ಒಂದೇ ರೋಗ ತಗಲಿತ್ತು. ಓಣಿಯ ಹೆಪ್ಪು ಬೇರೆಯಾಗಿ ಉಳಿದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಅದೇ ಕಾರಣಕ್ಕೆ ಅದು ಬಲವಾಗಿತ್ತು.

“ನಮ್ಮ ಅತ್ತಿಯವ್ರಿಗೆ ಗೊತ್ತಿಲ್ಲ,” ಎಂದರು ಶಿವಲೀಲಾ. “ಎಂಬತ್ತೆರಡು ವಯಸ್ಸು. ಈಗೂ ಎಲ್ಲಾರ ಮನಿ ನೀರು ಕುಡಿಯಂಗಿಲ್ಲ. ಅವರು ಬಿಡ್ರಿ. ದಿನಕ್ಕ ಮುನ್ನೂರು ಮಂದಿ ಇಲ್ಲೆ ಉಣ್ತಾರ. ನಾಡದು ನಾನು ಹೋಗಿ ಆಫೀಸರ ಮುಂದ ಹಿಂಗ ಅಂತ ಹೇಳಿದ್ನಿ ಅಂದ್ರ, ಮರುದಿನ ಯಾರ್ ಬರ್ತಾರ? ನನಗೂ ಹನ್ನೆರಡು ಮಂದಿ ಕೆಲಸದವ್ರು ಅದಾರ.”

“ನೀವು ಹೇಳಲಿಲ್ಲಂದ್ರ ಆ ಮೂವತ್ತೆಂಟು ಮನಿ ಶುಕ್ರವಾರ ಇರಂಗಿಲ್ಲ. ನಾನು ಸುದ್ದಿ ಹೇಳಾಕ ಬಂದೀನಿ, ಕೈ ಮುಗಿಯಾಕ ಬಂದಿಲ್ಲ. ಲೆಕ್ಕ ನೀವ ಮಾಡ್ರಿ.”

ನಾನು ಎದ್ದೆ. ಬಾಗಿಲವರೆಗೆ ಹೋದಾಗ ಹಿಂದಿನಿಂದ ಕೇಳಿದರು: “ಆರುನೂರಾ ಹನ್ನೊಂದು ಅಂದ್ರೆಲ್ಲ, ಅವು ಯಾವ್ಯಾವ ಮನಿ?”

ಹಣೆಪಟ್ಟಿ ಗುಟ್ಟಿನ ವಿಷಯವಲ್ಲ. ಬೇಕಾದವರು ಕೇಂದ್ರದಲ್ಲಿ ಕೇಳಿ ನೋಡಬಹುದು. ನನ್ನ ಬಳಿ ಇದ್ದ ಮುದ್ರಿತ ಪಟ್ಟಿಯನ್ನು ಗಲ್ಲೆಯ ಮೇಲಿಟ್ಟೆ. ಹದಿಮೂರು ಪುಟ. ಶಿವಲೀಲಾ ಕನ್ನಡಕ ಹಾಕಿಕೊಂಡು ಮೊದಲ ಪುಟ ಓದತೊಡಗಿದರು. ನಾನು ಬರುವಾಗ ಮೂರನೆಯ ಪುಟದಲ್ಲಿದ್ದರು, ತಲೆ ಎತ್ತಲಿಲ್ಲ.

ಬುಧವಾರ ನಾನು ಎತ್ತಿದ ಫೋನುಗಳು ನೂರಾ ನಲವತ್ತು. ಎಲ್ಲವೂ ಕಡ್ಡಿಯ ಬ್ಯಾಟರಿ ಸತ್ತ ಬಗ್ಗೆ. ಖಾನಾವಳಿಯಿಂದ ಒಂದೂ ಬರಲಿಲ್ಲ.

*

ಗುರುವಾರ ತಹಶೀಲ್ದಾರರ ಕಚೇರಿಯ ಸಭಾಂಗಣ ತುಂಬಿತ್ತು. ಓಣಿಯವರು ಗೋಡೆಗೆ ಒರಗಿ ಕುಳಿತಿದ್ದರು. ರಸ್ತೆ ಗುತ್ತಿಗೆಯ ಕಡೆಯಿಂದ ಊರಿನ ವಕೀಲರಾದ ಮಟ್ಟಿಕಲ್ಲಿ ಎಂಬವರು ಬಂದಿದ್ದರು. ಬಿಳಿ ಅಂಗಿ, ಇಸ್ತ್ರಿ ಮುರಿಯದ ಕರಿ ಕೋಟು.

ತಹಶೀಲ್ದಾರರು ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಐದು ತುಣುಕುಗಳನ್ನು ದಾಖಲಿಸಿಕೊಂಡರು. “ನಾಲ್ಕನೆಯದು?” ಎಂದರು.

ನಾನು ತುಣುಕು ಸಿಕ್ಕಿದ ಗಡಿಗೆಯ ನಂಬರು ಹೇಳಿದೆ. ಅಂಚಿನ ಹೋಲಿಕೆ ಕೊಟ್ಟೆ.

“ಮೂಲ ಗಡಿಗೆ ಅಲ್ಲ ಅದು,” ಎಂದರು ಮಟ್ಟಿಕಲ್ಲಿ. “ಕೊಟ್ಟವರು, ಒಯ್ದವರು ಎಲ್ಲಿದ್ದಾರೆ? ಹೇಳಿಕೆ ಇಲ್ಲದೆ ಆ ತುಣುಕಿಗೆ ಮಜ್ಜಿಗೆಯಷ್ಟೂ ಬೆಲೆ ಇಲ್ಲ.”

ತಹಶೀಲ್ದಾರರು ದುರ್ಗವ್ವನನ್ನು ನೋಡಿದರು. “ನೀವು ಯಾರಿಗಾದರೂ ಹೆಪ್ಪು ಕೊಟ್ಟಿದ್ದೀರಾ?”

ದುರ್ಗವ್ವ ಎದ್ದು ನಿಂತಳು. ಬಾಯಿ ತೆರೆಯಲಿಲ್ಲ. ಓಣಿಯ ಯಾರೋ, “ಹೇಳಬೇ!” ಎಂದು ಕೂಗಿದರು. ಅವಳ ಅಣ್ಣ ಸೆರಗು ಹಿಡಿದು ಜಗ್ಗಿದ. ಅವಳು ನೆಲ ನೋಡುತ್ತ ನಿಂತೇ ಇದ್ದಳು. ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ನಾನು ಸೋತೆ ಎಂದುಕೊಂಡೆ.

“ನನಗ ಕೊಟ್ಟಾಳ್ರಿ,” ಎಂಬ ಮಾತು ಬಾಗಿಲಿನಿಂದ ಬಂತು.

ಶಿವಲೀಲಾ ಒಬ್ಬರೇ ಬಂದಿದ್ದರು. ಕಂಕುಳಲ್ಲಿ ಹದಿಮೂರು ಪುಟಗಳ ಪಟ್ಟಿ. ಜನರನ್ನು ದಾಟಿ ಮುಂದೆ ಬಂದು ಹೆಸರು, ಗಡಿಗೆ ನಂಬರು ಹೇಳಿ ಹೆಬ್ಬೆಟ್ಟು ಒತ್ತಿದರು. ಆರು ವರ್ಷದ ಹಿಂದಿನದ್ದನ್ನೆಲ್ಲ ನನಗೆ ಹೇಳಿದ ಹಾಗೆಯೇ ಹೇಳಿದರು. ಲೋಳೆಯನ್ನೂ ಬಿಡಲಿಲ್ಲ.

“ಈಗ ನೀವು,” ಎಂದರು ತಹಶೀಲ್ದಾರರು.

“ಹೌದ್ರಿ,” ಎಂದಳು ದುರ್ಗವ್ವ. “ಒಂದು ಚಮಚ. ಸ್ಟೀಲಿಂದು. ಚಮಚ ವಾಪಸ್ ಕೊಟ್ಟಿಲ್ಲ ಇನ್ನೂ.”

ಸಭಾಂಗಣದಲ್ಲಿ ಗದ್ದಲವೆದ್ದಿತು. ಮಟ್ಟಿಕಲ್ಲಿ ಅದಕ್ಕೇ ಕಾದಿದ್ದವರಂತೆ ದನಿ ಎತ್ತರಿಸಿದರು. “ಅಂದರೆ ಶಿವಲೀಲಾ ಅವರೇ, ಆರು ವರ್ಷದಿಂದ ನಿಮ್ಮ ಖಾನಾವಳಿಯಲ್ಲಿ ಊರಿಗೆಲ್ಲ ಈ ಓಣಿಯ ಮೊಸರು ಬಡಿಸಿದ್ದೀರಿ. ಯಾರಿಗೂ ಹೇಳದೆ. ಇಂಥವರ ಮಾತು ನಂಬಬೇಕೆ ಎಂಬುದು ನನ್ನ ಪ್ರಶ್ನೆ.”

ಶಿವಲೀಲಾ ಕನ್ನಡಕ ಹಾಕಿಕೊಂಡು ಪಟ್ಟಿ ಬಿಚ್ಚಿದರು. “ವಕೀಲರ, ನಿಮ್ಮ ಮನಿ ಗಡಗಿ ಸಾವಿರದ ನಾನೂರಾ ಎರಡು. ಐದನೇ ಪುಟ, ಮ್ಯಾಲಿಂದ ಮೂರನೇದ್ದು. ನಿಮ್ಮ ಮನಿಯವ್ರು ಹೋದ ದೀಪಾವಳಿಗೆ ಬಟ್ಟಲ ತಗೊಂಡು ಬಂದಿದ್ರು. ನಿಮ್ಮ ಬೀಗರದ್ದು ಅದರ ಕೆಳಗ ಐತಿ. ಮಠದ ಅಡಗಿಮನಿ ಎರಡನೇ ಪುಟ. ಅಧ್ಯಕ್ಷರದು, ಉಪಾಧ್ಯಕ್ಷರದು ಏಳನೇದ್ದು. ಓದ್ಲೇನ್ರಿ ಪೂರಾ? ನನಗೇನು ಗಡಿಬಿಡಿ ಇಲ್ಲ.”

ಮೊದಲು ನಕ್ಕದ್ದು ತಹಶೀಲ್ದಾರರ ಗುಮಾಸ್ತೆ. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಜೋರಾಗಿ ಬೈಯುವ ಹಾಗಿಲ್ಲ. ಮಟ್ಟಿಕಲ್ಲಿ ಕುಳಿತುಕೊಂಡರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಗಡಿಗೆ ಇನ್ನೂರಾ ಹದಿನಾಲ್ಕು ತುಣುಕನ್ನು ಕಳಿಸಿತು. ಆರರಲ್ಲಿ ಆರು. ಮೂವತ್ತೆಂಟು ಹೆಸರುಗಳು, ನಾಲ್ಕು ದಿಕ್ಕಿನ ಗಡಿಗಳು ಪರದೆಯ ಮೇಲೆ ಇಳಿದವು. ತಹಶೀಲ್ದಾರರು ಒಂದೊಂದನ್ನೂ ಗಟ್ಟಿಯಾಗಿ ಓದಿಸಿ ಬರೆಸಿಕೊಂಡರು. ರಸ್ತೆ ನೂರು ಮೀಟರ್ ಆಚೆ ಸರಿಯಿತು.

*

ಶುಕ್ರವಾರ, ಶನಿವಾರ ಎರಡೇ ದಿನಗಳಲ್ಲಿ ಹೊಸಗಟ್ಟಿಯ ಎಂಬತ್ತಮೂರು ಗಡಿಗೆಗಳಿಂದ ನಾಲ್ಕನೆಯ ತುಣುಕಿನ ಹಣೆಪಟ್ಟಿ ಮಾಯವಾಯಿತು. ಮೊಸರನ್ನು ಚೆಲ್ಲಿ ಗಡಿಗೆ ತಿಕ್ಕಿಟ್ಟಿದ್ದರು. ಖಾನಾವಳಿಯಲ್ಲಿ ಆ ವಾರ ಅರ್ಧ ಬೆಂಚು ಖಾಲಿ. ಶಿವಲೀಲಾರ ಅತ್ತೆ ಮೂರು ದಿನ ಮೊಸರು ಮುಟ್ಟಲಿಲ್ಲವಂತೆ. ನಾಲ್ಕನೆಯ ದಿನ ಸಾರನ್ನ ಮುಗಿಸಿ, ಸ್ವಲ್ಪ ಹೊತ್ತು ಗಂಗಾಳ ನೋಡುತ್ತ ಕುಳಿತು, “ಗಡಗಿ ಇತ್ತ ತಾ,” ಎಂದರಂತೆ.

ಚೆಲ್ಲಿದವರಿಗೂ ಮೊಸರು ಬೇಕಲ್ಲ. ಯಾರಿಂದಲೋ ಹೆಪ್ಪು ತಂದರು. ತಾವು ಕೇಳಿದ ಮನೆಯವರು ಪಟ್ಟಿಯಲ್ಲಿಲ್ಲ ಎಂದು ನಂಬಿ ತಂದರು. ಹದಿನೈದು ದಿನ ಬಿಟ್ಟು ನಾನು ಎಣಿಸಿದಾಗ ಎಂಬತ್ತಮೂರರಲ್ಲಿ ಎಪ್ಪತ್ತೊಂಬತ್ತು ಗಡಿಗೆಗಳಲ್ಲಿ ನಾಲ್ಕನೆಯ ತುಣುಕು ವಾಪಸ್ ಬಂದಿತ್ತು. ಅದರ ಜೊತೆ ಮೊದಲು ಇಲ್ಲದ ಮೂವತ್ತು ಹೊಸ ಮನೆಗಳು. ಹಳಿಯಾಳ ಸರ್ ಎಣಿಕೆಯನ್ನು ಎರಡು ಸಲ ನೋಡಿ, “ಇನ್ನ ಇದನ್ನ ಯಾರಿಂದಲೂ ಅಳಿಸಾಕ ಆಗಂಗಿಲ್ಲ,” ಎಂದು ಕಾಗದದ ಮೇಲೆ ಸಹಿ ಹಾಕಿದರು. ನಾನು ನೆರೆಮನೆಯ ನಿಯಮವನ್ನು ಕೋಷ್ಟಕದಿಂದ ಕಿತ್ತುಹಾಕಿದೆ. ಈಗ ಡೇಟಾಬೇಸ್ ತುಣುಕು ನಿಜವಾಗಿ ಎಲ್ಲಿದೆಯೋ ಅಲ್ಲಿ ಕೇಳುತ್ತದೆ.

ಉಳಿದದ್ದು ಒಂದು ಕೆಲಸ. ಮೂಲ ಗಡಿಗೆಗೆ ತುಣುಕನ್ನು ಮರಳಿ ಹಾಕಬೇಕೆಂದು ನಿಯಮ. ಖಾನಾವಳಿಗೆ ಹೋಗಿ ಒಂದು ಬಟ್ಟಲು ಹೆಪ್ಪು ತೆಗೆದುಕೊಂಡು ದುರ್ಗವ್ವನ ಮನೆಗೆ ಹೋದೆ. ಶಿವಲೀಲಾ ಜೊತೆಯಲ್ಲೇ ಬಂದರು. ಆ ಓಣಿಗೆ ಅವರು ಬಂದದ್ದು ಅದೇ ಮೊದಲು. ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತರು.

ದುರ್ಗವ್ವ ಬಟ್ಟಲು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದಳು. ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ನಾಲಿಗೆಗೆ ಹಚ್ಚಿ ಮುಖ ಸಿಂಡರಿಸಿದಳು.

“ಏನವಾ ಶಿವಲೀಲಾ, ಹುಳಿ ಮಾಡಿಟ್ಟೀಯಲ್ಲ ಇದನ್ನ! ಹಾಲು ಕಾಸಿದ ಮ್ಯಾಲೆ ಆರಾಕ ಬಿಡಂಗಿಲ್ಲೇನು? ನನ್ನ ಕೈಯಾಗ ಇದ್ದಾಗ ಹಿಂಗಿದ್ದಿಲ್ಲ.”

“ಮುನ್ನೂರು ಮಂದಿಗೆ ಮಾಡಬೇಕಲ್ಲಬೇ, ಯಾವಾಗ ಆರಸಲಿ?”

“ಹೊತ್ತು ಮುಳುಗೋದ್ರೊಳಗ ಬಾ ನಾಳೆ. ತೋರಿಸಿ ಕೊಡ್ತೀನಿ,” ಎಂದು ದುರ್ಗವ್ವ ಗಡಿಗೆಯ ಮುಚ್ಚಳ ತೆಗೆದಳು.